ಗ್ವಾದಲಹಾರಾದಲ್ಲಿ ಗೆಳೆಯರನ್ನು ಏನಂತ ಕರೆಯಬೇಕು?

ಮುಂದಿನ ತಿಂಗಳು ಕೆಲಸಕ್ಕೆ ಮೆಕ್ಸಿಕೊದ ಗ್ವಾದಲಹಾರಾಕ್ಕೆ ಬರುತ್ತಿದ್ದೀರಿ. ಎಲ್ಲರನ್ನೂ 'ಅಮೀಗೊ' (ಸ್ಪ್ಯಾನಿಶ್‌ನಲ್ಲಿ ಗೆಳೆಯ) ಅಂದರೆ ನಡೆಯುತ್ತದಾ, ಕಾಲ್‌ನಲ್ಲಿ ಇಲ್ಲಿನ ಟೀಮಿನವರು ತಮ್ಮತಮ್ಮಲ್ಲೇ 'ವೇಯ್, ವೇಯ್' ಅನ್ನುತ್ತಾರಲ್ಲ ಅದೇನು ಅಂತ ಕೇಳಿದ್ದೀರಿ.

ಅಮೀಗೊ ತಪ್ಪೇನಲ್ಲ. ಆದರೆ ಇಲ್ಲಿ ಹೆಸರು ಗೊತ್ತಿಲ್ಲದವರನ್ನೇ ಹಾಗೆ ಕೂಗಿ ಕರೆಯುವುದು ಜಾಸ್ತಿ. ಮಾರ್ಕೆಟ್ಟಿನಲ್ಲಿ ಅಂಗಡಿಯವನು ಟೂರಿಸ್ಟರನ್ನು ಕರೆಯುವುದು ಹಾಗೇ. ದಿನಾ ಪಕ್ಕದಲ್ಲಿ ಕೂರುವವನನ್ನು ಹೆಸರು ಹಿಡಿದು ಕರೆಯಿರಿ. ಅವನ ಬಗ್ಗೆ ಬೇರೆಯವರಿಗೆ ಹೇಳುವಾಗ 'ಮಿ ಅಮೀಗೊ', ಹುಡುಗಿಯಾದರೆ 'ಮಿ ಅಮೀಗಾ' ಅನ್ನಿ.

ಇನ್ನು ವೇಯ್. ಮೂಲದಲ್ಲಿ ಅದು ಎತ್ತು. ಆಮೇಲೆ ಪೆದ್ದ ಅನ್ನುವ ಬೈಗುಳವಾಯಿತು. ಈಗ ಗೆಳೆಯರ ನಡುವೆ ಅದಿಲ್ಲದೆ ಮಾತೇ ಮುಗಿಯುವುದಿಲ್ಲ. ಹುಡುಗಿಯರೂ ತಮ್ಮತಮ್ಮಲ್ಲಿ ಹಾಗೇ ಮಾತಾಡುತ್ತಾರೆ. ನಮ್ಮ ಬೆಂಗಳೂರಿನ 'ಮಗಾ' ಇದೆಯಲ್ವಾ, ಅದೇ ಲೆಕ್ಕ. ಜೊತೆಯವನು ಅಂದರೆ ಸಲುಗೆ, ಸಿಗ್ನಲ್‌ನಲ್ಲಿ ಗುರುತಿಲ್ಲದವನು ಅಂದರೆ ಜಗಳ. ಅವರಾಗಿ ನಿಮಗೆ ವೇಯ್ ಅನ್ನುವ ತನಕ ನೀವು ಶುರು ಮಾಡಬೇಡಿ. ಮ್ಯಾನೇಜರ್ ನಿಮಗೆ ವೇಯ್ ಅಂದರೂ ನೀವು ತಿರುಗಿಸಿ ಅನ್ನಬೇಡಿ. ವಯಸ್ಸಾದ ಮನೆ ಓನರಮ್ಮನ ಮುಂದೆಯಂತೂ ಬಾಯಿ ತಪ್ಪಿಯೂ ಬರಬಾರದು. ಅವರ ಹೆಸರಿನ ಮುಂದೆ 'ದೋನ್ಯಾ' ಸೇರಿಸಿ, 'ಉಸ್ತೆದ್', ಅಂದರೆ 'ತಾವು' ಅಂತ ಮರ್ಯಾದೆ ಕೊಟ್ಟು ಮಾತಾಡಿ.

'ಕ್ವಾತೆ' ಅಂದರೂ ಗೆಳೆಯನೇ. ಮೆಕ್ಸಿಕೊದ ಮೂಲನಿವಾಸಿಗಳ ನಹುವಾ ಭಾಷೆಯಿಂದ ಬಂದ ಪದ, ಅವಳಿ ಮಕ್ಕಳಿಗೂ ಇಲ್ಲಿ ಹಾಗೇ ಹೇಳುತ್ತಾರೆ. 'ಕಾರ್ನಾಲ್' ಅಂದರೆ ಒಡಹುಟ್ಟಿದವನಷ್ಟು ಹತ್ತಿರ. 'ಕೊಂಪಾದ್ರೆ' ಮಾತ್ರ ಗಟ್ಟಿ ನೆಂಟಸ್ತಿಕೆ. ಚರ್ಚಿನಲ್ಲಿ ಮಗುವಿಗೆ ಮಾಡಿಸುವ ಜ್ಞಾನಸ್ನಾನದಲ್ಲಿ ಅದರ ಹೊಣೆ ಹೊತ್ತು ನಿಲ್ಲುವವನೂ ಮಗುವಿನ ಅಪ್ಪನೂ ಒಬ್ಬರಿಗೊಬ್ಬರು ಕೊಂಪಾದ್ರೆ. ಅದನ್ನೇ ಚಿಕ್ಕದು ಮಾಡಿದ 'ಕೊಂಪಾ' ಯಾವ ಗೆಳೆಯನಿಗಾದರೂ ಸಲ್ಲುತ್ತದೆ. ಹೊಸಬರಿಗೆ ವೇಯ್‌ಗಿಂತ ಇದೇ ಸುರಕ್ಷಿತ ಅಂತ ನನ್ನ ಲೆಕ್ಕ.

ನಿಮ್ಮನ್ನು 'ಇಂಹೆ' ಅಂತ ಕರೆದರೆ ಗಾಬರಿಯಾಗಬೇಡಿ. ಇಂಹೆನಿಯೇರೊ, ಅಂದರೆ ಇಂಜಿನಿಯರ್, ಅದರ ಮೊಟಕು. ಇಲ್ಲಿ ಡಿಗ್ರಿಯನ್ನೇ ಹೆಸರಿನಂತೆ ಕರೆಯುವ ರೂಢಿ ಇದೆ, ನಮ್ಮವರಿಗೆ ಖುಷಿಯೇ! ಹೋಟೆಲಿನಲ್ಲಿ ಬಡಿಸುವವನಿಗೆ ತಲೆ ನೆರೆತಿದ್ದರೂ 'ಹೋವೆನ್', ಅಂದರೆ ಹುಡುಗ. ತರಕಾರಿಯವಳು ನಿಮ್ಮನ್ನು 'ಗ್ವೆರಿತೊ' ಅಂದರೆ ಬಿಳಿಯಣ್ಣ ಅಂದ ಹಾಗೆ. ಮೈಬಣ್ಣ ನೋಡಿ ಗೇಲಿ ಮಾಡುತ್ತಿದ್ದಾಳೆ ಅಂತ ಅಂದುಕೊಳ್ಳಬೇಡಿ. ಗಿರಾಕಿ ಯಾವ ಬಣ್ಣವಿದ್ದರೂ ಸುಮ್ನೆ ಹಾಗನ್ನುತ್ತಾರೆ.

ನೀವು ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ಟೀಮಿನ ಹುಡುಗಿಯೊಬ್ಬಳು ಒಳ್ಳೆಯವಳು ಅನ್ನಬೇಕಾದರೆ 'ಎಸ್ ಬ್ವೇನಾ ಹೆಂತೆ' ಅಥವಾ 'ಎಸ್ ಬ್ವೇನಾ ಓಂದಾ' ಅನ್ನಿ. 'ಎಸ್' ಬದಲು 'ಎಸ್ತಾ' ಹಾಕಿ 'ಎಸ್ತಾ ಬ್ವೇನಾ' ಅಂದಿರೋ, ಅವಳ ಮೈಕಟ್ಟಿನ ಬಗ್ಗೆ ಪೋಲಿ ಮಾತಾಡಿದಂತಾಗುತ್ತದೆ. ಹೊಸದಾಗಿ ಕಲಿಯುವವರಿಗೆ ಎರಡೂ ಒಂದೇ ಥರ ಕೇಳಿಸುತ್ತದೆ, ಅದಕ್ಕೇ ಹೇಳಿದೆ.

ಆ್ಯಪಿನಲ್ಲಿ ಕಲಿಯುತ್ತಿದ್ದೀರಾದರೆ ಅದು ಯಾವ ದೇಶದ ಸ್ಪ್ಯಾನಿಶ್ ಅಂತ ನೋಡಿಕೊಳ್ಳಿ. ಸ್ಪೇನಿನಲ್ಲಿ ಗೆಳೆಯನಿಗೆ 'ತೀಯೊ' ಅನ್ನುತ್ತಾರೆ, ಅರ್ಜೆಂಟೀನಾದಲ್ಲಿ 'ಚೆ' (ಕ್ರಾಂತಿಕಾರಿ ಚೆ ಗೆವಾರಾಗೆ ಆ ಹೆಸರು ಬಂದದ್ದೇ ಹಾಗೆ). ಇಲ್ಲಿ ತೀಯೊ ಅಂದರೆ ಚಿಕ್ಕಪ್ಪನೋ ಮಾವನೋ ಅಷ್ಟೇ.