ಸಣ್ಣ ಆರ್ಕಿಟೆಕ್ಟ್ ಕಚೇರಿಗೆ ಬೇಕಾದ ಕಾನೂನು ಮಾಹಿತಿ ಖರ್ಚಿಲ್ಲದೆ ಎಲ್ಲಿ ಸಿಗುತ್ತದೆ?

ಕರ್ನಾಟಕದಲ್ಲಿ ಇಬ್ಬರು ಪಾಲುದಾರರ ಕಚೇರಿ, ಕಾಯಂ ವಕೀಲರನ್ನು ಇಟ್ಟುಕೊಳ್ಳುವಷ್ಟು ಆದಾಯ ಇನ್ನೂ ಇಲ್ಲ, ಎಲ್ಲಿ ಓದಬೇಕು, ಮೊದಲು ಏನನ್ನು ಓದಬೇಕು ಎಂದು ಕೇಳಿದ್ದೀರಿ. ಸಣ್ಣ ಕಚೇರಿಗಳು ಪೆಟ್ಟು ತಿನ್ನುವುದು ಹೆಚ್ಚಾಗಿ ಎರಡು ವಿಷಯದಲ್ಲಿ: ಬಾಕಿ ಉಳಿದ ಫೀಸು, ಕೈತಪ್ಪಿದ ಡ್ರಾಯಿಂಗ್. ಓದನ್ನೂ ಅಲ್ಲಿಂದಲೇ ಶುರು ಮಾಡಿ. ಕಟ್ಟಡ ನಿಯಮಗಳನ್ನು ಹೇಗೂ ದಿನಾ ತಿರುವಿ ಹಾಕುತ್ತೀರಿ.

ಮೂಲ ಪಠ್ಯಕ್ಕೆ ಇಂಡಿಯಾ ಕೋಡ್ ಎಂಬ ಸರ್ಕಾರಿ ಜಾಲತಾಣ ಸಾಕು. ಕೇಂದ್ರದ ಕಾಯ್ದೆಗಳೂ ರಾಜ್ಯದವೂ ಉಚಿತವಾಗಿ ಸಿಗುತ್ತವೆ. ಕಾಯ್ದೆಯ ಪುಟ ತೆರೆದರೆ ಅದರಡಿ ಬಂದ ನಿಯಮ, ಅಧಿಸೂಚನೆಗಳಿಗೆ ಪ್ರತ್ಯೇಕ ವಿಭಾಗ ಇರುತ್ತದೆ. ಪಿಡಿಎಫ್ ಇಳಿಸಿಕೊಂಡಾಗ ಅಡಿಟಿಪ್ಪಣಿ ಬಿಡದೆ ನೋಡಿ. ಯಾವ ಸಾಲು ಯಾವ ತಿದ್ದುಪಡಿಯಿಂದ ಬದಲಾಯಿತು, ಎಂದಿನಿಂದ ಜಾರಿ ಎಂಬುದು ಅಲ್ಲೇ ಇರುತ್ತದೆ. ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರಗಳ ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲೂ ಇವೆ.

ಮೊದಲು ಆರ್ಕಿಟೆಕ್ಟ್ಸ್ ಕಾಯ್ದೆ 1972, ಅದರ ಜೊತೆಗೆ 1989ರ ವೃತ್ತಿ ನಡವಳಿಕೆಯ ನಿಯಮಾವಳಿ. ಎರಡೂ ಸೇರಿ ಒಂದು ಸಂಜೆಯ ಓದು. ಸೆಕ್ಷನ್ 37 ಕಾಪಾಡುವುದು 'ಆರ್ಕಿಟೆಕ್ಟ್' ಎಂಬ ಹೆಸರನ್ನು ಮಾತ್ರ, ಕೆಲಸವನ್ನಲ್ಲ. 2020ರ ಮುಕೇಶ್ ಗೋಯಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ನೋಂದಣಿ ಇಲ್ಲದವರೊಬ್ಬರು ಪ್ಲಾನ್ ಹಾಕಿಕೊಟ್ಟರು ಎಂದು ಈ ಸೆಕ್ಷನ್ ಹಿಡಿದು ದೂರು ಕೊಟ್ಟರೆ ನಿಲ್ಲುವುದಿಲ್ಲ. ಅವರು ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಂಡಿದ್ದರೆ ಮಾತ್ರ ಮುಂದಿನ ಮಾತು. ಕರಾರಿನ ಮಾದರಿ ಹುಡುಕುತ್ತಿದ್ದರೆ ಆರ್ಕಿಟೆಕ್ಟರ ನೋಂದಣಿ ನೋಡಿಕೊಳ್ಳುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಪ್ರಕಟಿಸಿರುವ ನೇಮಕದ ಷರತ್ತುಗಳಿಗಿಂತ ಒಳ್ಳೆಯದು ಬಿಟ್ಟಿಯಾಗಿ ಸಿಗುವುದು ಕಷ್ಟ. ಹಂತವಾರು ಕೆಲಸ, ಹಂತವಾರು ಫೀಸು, ಕ್ಲೈಂಟಿನ ಹೊಣೆ ಎಲ್ಲ ಅದರಲ್ಲಿದೆ. ಅದು ತಾನಾಗಿ ಕ್ಲೈಂಟನ್ನು ಕಟ್ಟಿಹಾಕುವುದಿಲ್ಲ. ನಿಮ್ಮ ಕರಾರಿನೊಳಗೆ ಬರೆದು ಸಹಿ ಹಾಕಿಸಿಕೊಂಡಾಗಲೇ ಅದಕ್ಕೆ ಬಲ.

ಪಾಲುದಾರಿಕೆ ಕಾಯ್ದೆ 1932ರ ಸೆಕ್ಷನ್ 69 ನಿಮಗೆ ಈ ವಾರವೇ ಬೇಕು. ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಬಳಿ ನೋಂದಣಿ ಆಗದ ಪಾಲುದಾರಿಕೆ, ಕರಾರಿನ ಹಣಕ್ಕಾಗಿ ಕ್ಲೈಂಟಿನ ಮೇಲೆ ದಾವೆ ಹೂಡುವಂತಿಲ್ಲ. ಪಾಲುದಾರಿಕೆ ಪತ್ರ, ಪ್ಯಾನ್, ಬ್ಯಾಂಕ್ ಖಾತೆ ಎಲ್ಲ ಇದ್ದೂ ಈ ಒಂದು ನೋಂದಣಿ ಇಲ್ಲದೆ ದಾವೆ ಬಿದ್ದುಹೋಗುತ್ತದೆ. ಹೊಸ ಪಾಲುದಾರರು ಸೇರಿದರೆ ಅವರ ಹೆಸರೂ ರಿಜಿಸ್ಟರಿಗೆ ಏರಬೇಕು.

ಫೀಸು ವಸೂಲಿಗೆ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆ 2006ರ ಸೆಕ್ಷನ್ 15ರಿಂದ 18 ಓದಿ. ಸೇವೆ ಕೊಡುವವರಿಗೂ ಇದು ಅನ್ವಯಿಸುತ್ತದೆ ಎಂಬುದು ಎಷ್ಟೋ ಕಚೇರಿಗಳಿಗೆ ಗೊತ್ತೇ ಇಲ್ಲ. ಕರಾರಿನಲ್ಲಿ ಏನೇ ಬರೆದಿದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ದೂರನ್ನು ಸರ್ಕಾರದ ಆನ್‌ಲೈನ್ ಪೋರ್ಟಲ್ ಮೂಲಕ, ಇಂಥ ಬಾಕಿ ವ್ಯಾಜ್ಯಗಳನ್ನು ಬಗೆಹರಿಸುವ ಫೆಸಿಲಿಟೇಷನ್ ಕೌನ್ಸಿಲಿಗೆ ಸಲ್ಲಿಸಬಹುದು. ಇದಕ್ಕೆ ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿ ಬೇಕು. ಅದು ಉಚಿತ. ಆದರೆ ಕರಾರಿಗೆ ಸಹಿ ಹಾಕುವ ಮೊದಲೇ ಮಾಡಿಸಿ. ಕೆಲಸ ಮುಗಿದ ಮೇಲೆ ನೋಂದಣಿ ಮಾಡಿಸಿ ಹಳೆಯ ಬಿಲ್ಲಿಗೆ ಈ ರಕ್ಷಣೆ ಕೇಳಲಾಗದು ಎಂದು ಸುಪ್ರೀಂ ಕೋರ್ಟಿನ 2021ರ ಸಿಲ್ಪಿ ಇಂಡಸ್ಟ್ರೀಸ್ ತೀರ್ಪು ಹೇಳಿತ್ತು. 2025ರಲ್ಲಿ ಅದೇ ಕೋರ್ಟ್ ಈ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿದೆ.

ಇಲ್ಲೊಂದು ಸೂಕ್ಷ್ಮ ಇದೆ. ದಿನ ಎಣಿಕೆ ಶುರುವಾಗುವುದು ಕ್ಲೈಂಟ್ ನಿಮ್ಮ ಸೇವೆಯನ್ನು ಒಪ್ಪಿಕೊಂಡ ದಿನದಿಂದ. 15 ದಿನದೊಳಗೆ ಲಿಖಿತ ತಕರಾರು ಬರದಿದ್ದರೆ ಒಪ್ಪಿದಂತೆ. ಡ್ರಾಯಿಂಗನ್ನು ವಾಟ್ಸಾಪಿನಲ್ಲಿ ಹಾಕಿ ಸುಮ್ಮನಾದರೆ ಯಾವ ದಿನ ಯಾವ ಸೆಟ್ ಕೊಟ್ಟಿರಿ ಎಂದು ತೋರಿಸುವುದು ಕಷ್ಟ. ಪ್ರತಿ ಸಲ ಇಮೇಲಿನಲ್ಲಿ ಕಳಿಸಿ, ಹಾಳೆ ಸಂಖ್ಯೆ, ರಿವಿಷನ್ ಸಂಖ್ಯೆ, ದಿನಾಂಕ, ಯಾವ ಹಂತದ ಕೆಲಸ ಮುಗಿಯಿತು ಎಂದು ನಾಲ್ಕು ಸಾಲು ಬರೆಯಿರಿ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಇರಲಿ.

ಡ್ರಾಯಿಂಗಿನ ಹಕ್ಕಿಗೆ ಕೃತಿಸ್ವಾಮ್ಯ ಕಾಯ್ದೆ 1957. ನಿಮ್ಮಲ್ಲಿ ಸಂಬಳಕ್ಕಿರುವವರು ಬಿಡಿಸಿದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಕಚೇರಿಯದು (ಸೆಕ್ಷನ್ 17). ಹಕ್ಕನ್ನು ಬರೆದುಕೊಡುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ ಎಂದು ಕಾಯ್ದೆ ಲೆಕ್ಕ ಹಾಕುತ್ತದೆ (ಸೆಕ್ಷನ್ 19). ಎಲ್ಲಕ್ಕಿಂತ ಮುಖ್ಯ ಸೆಕ್ಷನ್ 59: ನಿಮ್ಮ ವಿನ್ಯಾಸ ಕದ್ದು ಕಟ್ಟಲು ಶುರು ಮಾಡಿಬಿಟ್ಟರೆ ತಡೆಯಾಜ್ಞೆಯೂ ಸಿಗದು, ಕೆಡವಿಸಲೂ ಆಗದು. ಪರಿಹಾರ ಕೇಳುವುದಷ್ಟೇ ಉಳಿಯುತ್ತದೆ. ಸುಳಿವು ಸಿಕ್ಕ ದಿನವೇ ನೋಟಿಸ್ ಹೋಗಬೇಕು, ಪಾಯ ತೋಡುವ ತನಕ ಕಾಯಬಾರದು. ಕರಾರಿನಲ್ಲೂ ಪ್ರತಿ ಹಾಳೆಯ ಟೈಟಲ್ ಬ್ಲಾಕಿನಲ್ಲೂ ಹೀಗೆ ಬರೆದಿಡಿ: "ಈ ಡ್ರಾಯಿಂಗ್‌ಗಳ ಕೃತಿಸ್ವಾಮ್ಯ ಆರ್ಕಿಟೆಕ್ಟ್ ಅವರದು. ಈ ಹಂತದ ಫೀಸು ಪೂರ್ತಿ ಸಂದ ನಂತರ, ಈ ನಿವೇಶನದಲ್ಲಿ ಒಂದು ಸಲ ಕಟ್ಟುವುದಕ್ಕೆ ಮಾತ್ರ ಕ್ಲೈಂಟ್ ಇವನ್ನು ಬಳಸಬಹುದು."

ಬಿಲ್ಡರ್ ಕೆಲಸ ಹಿಡಿದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ 2016ರ ಸೆಕ್ಷನ್ 4 ಮತ್ತು 14 ಕಡ್ಡಾಯವಾಗಿ ಓದಿ. ಖರೀದಿದಾರರ ಹಣದ ಶೇ 70 ಇರುವ ಖಾತೆಯಿಂದ ಬಿಲ್ಡರ್ ದುಡ್ಡು ತೆಗೆಯಬೇಕಾದರೆ ಎಂಜಿನಿಯರ್, ಸಿಎ ಜೊತೆಗೆ ಆರ್ಕಿಟೆಕ್ಟ್ ಕೂಡ ಪ್ರಮಾಣಪತ್ರ ಕೊಡಬೇಕು. ಸೈಟಿಗೆ ಹೋಗಿ ಅಳೆಯದೆ ಆ ಕಾಗದಕ್ಕೆ ಸಹಿ ಹಾಕಬೇಡಿ. ದಯವಿಟ್ಟು.

ಬೈಲಾ, ವಲಯ ನಿಯಮಗಳ ವಿಷಯದಲ್ಲಿ ಎಡವುವುದು ಒಂದೇ ಕಾರಣಕ್ಕೆ: ಗುಂಪುಗಳಲ್ಲಿ ಓಡಾಡುವ ಪಿಡಿಎಫ್ ಕರಡು ಅಧಿಸೂಚನೆ ಆಗಿರುತ್ತದೆ. ಆಕ್ಷೇಪಣೆ ಆಹ್ವಾನಿಸಿದ್ದರೆ ಅದು ಕರಡು. ರಾಜ್ಯಪತ್ರದಲ್ಲಿ ಅಂತಿಮ ಅಧಿಸೂಚನೆಯ ಸಂಖ್ಯೆ, ದಿನಾಂಕ ನೋಡಿ ಕಡತದಲ್ಲಿ ಬರೆದಿಟ್ಟುಕೊಳ್ಳಿ. ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಸ್ಥಳೀಯ ನಿಯಮ ಅದನ್ನು ಅಳವಡಿಸಿಕೊಂಡಷ್ಟು ಮಟ್ಟಿಗೇ ಕಡ್ಡಾಯ.

ತೀರ್ಪುಗಳಿಗೆ ಇಂಡಿಯನ್ ಕಾನೂನ್ ತಾಣ, ಸುಪ್ರೀಂ ಕೋರ್ಟಿನದೇ ತೀರ್ಪು ಸಂಗ್ರಹವಾದ ಇ-ಎಸ್‌ಸಿಆರ್. ಪದಪುಂಜವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಅನುಕೂಲಕರ ತೀರ್ಪು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸದೆ, ನಂತರ ಅದನ್ನು ಯಾವ್ಯಾವ ತೀರ್ಪು ಉಲ್ಲೇಖಿಸಿವೆ ಎಂಬ ಪಟ್ಟಿ ತೆರೆಯಿರಿ. ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿರಬಹುದು.

ಓದಿಕೊಂಡು ನಿಭಾಯಿಸಬಾರದ ಒಂದು ಸಂದರ್ಭ ಹೇಳುತ್ತೇನೆ: ಗ್ರಾಹಕ ಆಯೋಗದಿಂದ ನೋಟಿಸ್ ಬಂದಾಗ. ಉತ್ತರಕ್ಕೆ 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ, ಅದರಾಚೆ ಇಲ್ಲ. ಕರಾರು, ರವಾನೆಯ ಇಮೇಲ್‌ಗಳು, ಬಿಲ್ಲುಗಳು, ಸೈಟ್ ಭೇಟಿಯ ಟಿಪ್ಪಣಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಅದೇ ವಾರ ವಕೀಲರ ಬಳಿ ಹೋಗಿ.