ತಮ್ಮನ ಗುಳಿಗೆ, ಅಕ್ಕನ ಫೋನು

ಚಿಂಚೋಳಿ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ತಮ್ಮ ಪುಣೆಯಲ್ಲಿ ಕಟ್ಟಡ ಕೆಲಸಕ್ಕಿದ್ದಾನೆ. ಟಿಬಿಗೆ ಎರಡು ತಿಂಗಳಿಂದ ಗುಳಿಗೆ ನುಂಗುತ್ತಿದ್ದಾನೆ. ಈಗ ಕೆಮ್ಮು, ಜ್ವರ ಏನೂ ಇಲ್ಲ. “ಆರಾಮ ಆಯ್ತಲ್ಲ, ಇನ್ಯಾಕೆ” ಅನ್ನುತ್ತಾನೆ. ದಿನಾ ಗುಳಿಗೆ ನುಂಗುವ ವಿಡಿಯೋ ಕಳಿಸು ಅಂದರೆ, ನನ್ನ ಮೇಲೆ ನಂಬಿಕೆ ಇಲ್ವಾ ಎಂದು ಸಿಟ್ಟಾಗುತ್ತಾನೆ. ನಾನು ಕೇಳಿದ್ದು ತಪ್ಪಾ?’

ತಪ್ಪಲ್ಲ ಅಕ್ಕಾ. ಕೇಳುವುದನ್ನು ಬಿಡಬೇಡಿ. ಕೇಳುವ ರೀತಿ ಸ್ವಲ್ಪ ಬದಲಿಸಿ ನೋಡಿ.

ಅಪಾಯ ಇರುವುದೇ ಆ ‘ಆರಾಮ ಆಯ್ತು’ ಅನ್ನುವ ಮಾತಿನಲ್ಲಿ. ಸಾಮಾನ್ಯ ಟಿಬಿಗೆ ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು. ಮೊದಲ ಕೆಲವು ವಾರಗಳಲ್ಲೇ ಹೆಚ್ಚಿನ ರೋಗಾಣುಗಳು ಸಾಯುತ್ತವೆ, ಜ್ವರ ಇಳಿಯುತ್ತದೆ, ಊಟ ಸೇರುತ್ತದೆ. ಆದರೆ ನಿಧಾನವಾಗಿ ಸಾಯುವ ಒಂದಿಷ್ಟು ಒಳಗೇ ಉಳಿದಿರುತ್ತವೆ. ಉಳಿದ ನಾಲ್ಕು ತಿಂಗಳು ಅವುಗಳಿಗಾಗಿ. ನಡುವೆ ಬಿಟ್ಟರೆ ರೋಗ ಮರಳಬಹುದು, ಈ ಔಷಧಿಗೆ ಬಗ್ಗದ ಟಿಬಿಯಾಗಿಯೂ ಬರಬಹುದು. ಆಗ ಗುಳಿಗೆಯೂ ಬೇರೆ, ಕಷ್ಟವೂ ಜಾಸ್ತಿ.

ನಂಬಿಕೆಯ ಮಾತಿಗೆ ಬರೋಣ. ಎದುರಿಗೆ ಕುಳಿತು ಗುಳಿಗೆ ನುಂಗಿಸುವ ಪದ್ಧತಿ ಟಿಬಿಗೆ ಹಳೆಯದು. ಆದರೆ ನಮ್ಮ ಕಡೆಯ ತಾಂಡಾಗಳಿಂದ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರ ಎದುರಿಗೆ ದಿನಾ ಯಾರು ಕೂರುತ್ತಾರೆ? ಅದಕ್ಕೇ ವಿಡಿಯೋ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದಕ್ಕೆ ಒಪ್ಪಿತು. ಇಂಗ್ಲೆಂಡಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ಎರಡು ತಿಂಗಳು ಗುಳಿಗೆ ನುಂಗುವುದನ್ನು ನೂರಕ್ಕೆ ಕನಿಷ್ಠ 80 ಸಲವಾದರೂ ತಪ್ಪದೆ ತೋರಿಸಿದವರು ವಿಡಿಯೋ ಕಳಿಸುವವರಲ್ಲಿ ಶೇ 70. ಆರೋಗ್ಯ ಸಿಬ್ಬಂದಿ ಎದುರಿಗೆ ನುಂಗಬೇಕಿದ್ದವರಲ್ಲಿ ಶೇ 31 ಅಷ್ಟೆ. ಅಲ್ಲಿ ಯಾರೂ ಕಳ್ಳರಲ್ಲ. ಕೆಲಸ ಬಿಟ್ಟು ಹೋಗುವ ತಾಪತ್ರಯ ತಪ್ಪಿತ್ತು, ಅಷ್ಟೇ.

ಆದರೆ ಕಳಿಸಿದ ವಿಡಿಯೋ ಯಾರೂ ನೋಡದಿದ್ದರೆ ಅದು ಸುಮ್ನೆ ಫೋನು ತುಂಬುವ ಕೆಲಸ. ಅವನು ಅಂಗೈ ಮೇಲೆ ಗುಳಿಗೆ ಎಣಿಸಿ ತೋರಿಸಲಿ, ಬಾಯಿಗೆ ಹಾಕಿ ನೀರು ಕುಡಿಯಲಿ, ನಾಲಿಗೆ ಎತ್ತಿ ತೋರಿಸಲಿ. ಅರ್ಧ ನಿಮಿಷ ಸಾಕು. ನೀವು ಅವತ್ತೇ ನೋಡಿ, ‘ಬಂತು ತಮ್ಮಾ, ಊಟ ಆಯ್ತಾ?’ ಅಂತ ಒಂದು ಮಾತು ಕಳಿಸಿ. ವಿಡಿಯೋ ಬಾರದ ದಿನ ಸಂಜೆಯೊಳಗೆ ಫೋನ್ ಮಾಡಿ, ಬೈಯಬೇಡಿ. ವಾಂತಿ ಆಗ್ತಿದೆಯಾ, ಹೊಟ್ಟೆ ನೋವಾ, ಕಣ್ಣು ಹಳದಿ ಆಗಿದೆಯಾ ಎಂದು ಕೇಳಿ. ಕಾಲು ಜೋಮು ಹಿಡಿಯುತ್ತಿದೆಯಾ ಎಂದೂ ಕೇಳಿ. ಇವು ಗುಳಿಗೆಯಿಂದಲೇ ಬರಬಹುದು. ಒಂದಿದ್ದರೂ ತಾನಾಗಿ ಗುಳಿಗೆ ಬಿಟ್ಟು ಕೂರದೆ ತಕ್ಷಣ ಡಾಕ್ಟರಿಗೆ ತೋರಿಸಲಿ. ಮೂತ್ರ ಕೇಸರಿ ಬಣ್ಣ ಆದರೆ ಮಾತ್ರ ಗಾಬರಿ ಬೇಡ. ಅದು ರಿಫಾಂಪಿಸಿನ್ ಔಷಧಿಯ ಬಣ್ಣ. ಇದು ಗೊತ್ತಿಲ್ಲದೆ ಹೆದರಿ ಗುಳಿಗೆ ಬಿಡುವವರಿದ್ದಾರೆ.

ಇನ್ನೊಂದು ಮಾತು, ಇದರಲ್ಲಿ ನಾನು ತುಂಬಾ ಗಟ್ಟಿ. ಆ ವಿಡಿಯೋ ಮನೆಯ ವಾಟ್ಸಾಪ್ ಗುಂಪಿಗೆ ಹೋಗಬಾರದು. ನೋಡಿದ ಮೇಲೆ ಇಬ್ಬರ ಫೋನಿನಿಂದಲೂ ಅಳಿಸಿ. ಟಿಬಿ ಅಂತ ಗೊತ್ತಾದರೆ ಕೋಣೆ ಖಾಲಿ ಮಾಡು ಅನ್ನುವವರು ಇನ್ನೂ ಇದ್ದಾರೆ. ತಮ್ಮನ ಸಿಟ್ಟಿನ ಹಿಂದೆ ಆ ಭಯವೂ ಇರಬಹುದು. ಕೇಳಿ ನೋಡಿ.

ನೀವು ನೋಡುತ್ತೀರಿ ಅಂತ ದವಾಖಾನೆ ಬಿಡುವ ಹಾಗಿಲ್ಲ. ಎರಡು ತಿಂಗಳು ಮುಗಿದ ಮೇಲಿನ ಕಫ ಪರೀಕ್ಷೆ ಆಯಿತಾ ಎಂದು ಇವತ್ತೇ ವಿಚಾರಿಸಿ. ತೊಗರಿ ರಾಶಿಗೆ ಊರಿಗೆ ಬರುವುದಿದ್ದರೆ ಮೊದಲೇ ಅಲ್ಲಿನ ಕೇಂದ್ರಕ್ಕೆ ತಿಳಿಸಲಿ. ನಿಕ್ಷಯ್ ಐಡಿ (ಸರಕಾರದ ಟಿಬಿ ದಾಖಲೆಯಲ್ಲಿ ರೋಗಿಗೆ ಕೊಡುವ ಸಂಖ್ಯೆ) ಇದ್ದರೆ ಚಿಕಿತ್ಸೆಯನ್ನು ಚಿಂಚೋಳಿಗೆ ವರ್ಗಾಯಿಸಬಹುದು, ಗುಳಿಗೆ ಇಲ್ಲೂ ಪುಕ್ಕಟೆ. ಊಟದ ಖರ್ಚಿಗೆ ಸರಕಾರ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಹಾಕುತ್ತದೆ. ಬಂದಿರದಿದ್ದರೆ 1800-11-6666ಕ್ಕೆ ಫೋನ್ ಮಾಡಿ ಕೇಳಿ, ಅದು ಉಚಿತ ಸಹಾಯವಾಣಿ.

– ಸಂ.