ಯಾರದೋ ಮನೆಯ ಫೋಟೊ, ನಮ್ಮ ಕೈಯಲ್ಲಿ

ಪ್ರಶ್ನೆ: ಹಳೆ ಪುಸ್ತಕಗಳ ಕಟ್ಟಿನೊಳಗೆ ಒಂದು ಫೋಟೊ ಆಲ್ಬಂ ಸಿಕ್ಕಿತು. ಕೆಲವು ಫೋಟೊಗಳ ಹಿಂದೆ ಹೆಸರಿದೆ, ಸ್ಟುಡಿಯೊ ಗುರುತಿದೆ. ಬಿಸಾಡಲು ಮನಸ್ಸಿಲ್ಲ. ಆ ಮನೆಯವರನ್ನು ಹುಡುಕುವುದು ಹೇಗೆ? ಫೋಟೊಗಳನ್ನೆಲ್ಲ ಬಿಡಿಸಿ ತೆಗೆಯಲೇ?

ಉತ್ತರ: ಬಿಡಿಸಬೇಡಿ! ಆಲ್ಬಂ ಜೋಡಿಸಿದವರು ಯಾರ ಪಕ್ಕ ಯಾರನ್ನು ಇಟ್ಟಿದ್ದಾರೆ ಅನ್ನುವುದರಲ್ಲೇ ಅರ್ಧ ಸಂಬಂಧ ಗೊತ್ತಾಗುತ್ತದೆ. ಮೊದಲು ಪ್ರತಿ ಪುಟವನ್ನೂ ಇದ್ದ ಹಾಗೇ ಸ್ಕ್ಯಾನ್ ಮಾಡಿ, ಸ್ಪಷ್ಟತೆಯ ಅಳತೆ 600 ಡಿಪಿಐ ಇದ್ದರೆ ಸಾಕು. ಆಮೇಲೆ ತಾನಾಗಿ ಸಡಿಲವಾಗಿರುವ ಫೋಟೊಗಳನ್ನು ಮಾತ್ರ ಎತ್ತಿ ಹಿಂಬದಿಯನ್ನೂ ಮಾಡಿಕೊಳ್ಳಿ. ಅಂಟಿನ ಹಾಳೆಗೆ ಕಚ್ಚಿಕೊಂಡಿದ್ದರೆ ಉಗುರು ಹಾಕಿ ಕೀಳಬೇಡಿ. ದಯವಿಟ್ಟು ಫೋಟೊ ಹಿಂದೆ ಬಾಲ್‌ಪೆನ್ನಿನಲ್ಲಿ ಏನೂ ಬರೆಯಬೇಡಿ.

ನಾನು ವರ್ಷಗಟ್ಟಲೆ ಡಾರ್ಕ್‌ರೂಮಿನಲ್ಲಿ ಪ್ರಿಂಟು ಹಾಕಿದವನು. ಹಳೆ ಫೋಟೊ ಕೈಗೆ ಬಂದರೆ ಈಗಲೂ ಮೊದಲು ತಿರುಗಿಸಿ ನೋಡುತ್ತೇನೆ. ಮುಖ ನೋಡುತ್ತಾ ಕೂತರೆ ಸುಮ್ನೆ ಕತೆ ಕಟ್ಟುತ್ತೇವೆ. ದಪ್ಪ ರಟ್ಟಿಗೆ ಅಂಟಿಸಿದ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಫೋಟೊ ಇದೆಯಾ? ಅದು ಕಾರ್ತ್ ದ ವಿಸಿತ್ ಇರಬಹುದು. ಪ್ಯಾರಿಸ್ಸಿನ ಫೋಟೊಗ್ರಾಫರ್ ಡಿಸ್ದೆರಿ 1854ರಲ್ಲಿ ಪೇಟೆಂಟ್ ಪಡೆದ ಮಾದರಿ. ಅದರ ಹಿಂದೆ ಸಾಮಾನ್ಯವಾಗಿ ಸ್ಟುಡಿಯೊ ಹೆಸರು, ಬೀದಿ, ಊರು ಅಚ್ಚಾಗಿರುತ್ತವೆ. ಪೆನ್ಸಿಲ್ಲಿನಲ್ಲಿ ಗೀಚಿದ ಅಂಕಿ ಇದ್ದರೆ ಅದನ್ನು ಇಸವಿ ಅಂದುಕೊಳ್ಳಬೇಡಿ. ಬಹಳಷ್ಟು ಸಲ ಅದು ನೆಗೆಟಿವ್ ನಂಬರು, ಮತ್ತೆ ಪ್ರತಿ ಬೇಕೆಂದು ಬಂದವರಿಗೆ ಹುಡುಕಿಕೊಡಲು ಬರೆದದ್ದು. ಸ್ಟುಡಿಯೊ ಯಾವ ವರ್ಷ ಯಾವ ಬೀದಿಯಲ್ಲಿತ್ತು ಅನ್ನುವುದು ಆ ಊರಿನ ಹಳೆ ಡೈರೆಕ್ಟರಿಗಳಲ್ಲಿ, ಅಂದರೆ ಹೆಸರು-ವಿಳಾಸಗಳ ಪಟ್ಟಿ ಪುಸ್ತಕಗಳಲ್ಲಿ, ಸಿಗುತ್ತದೆ. ಫೋಟೊ ಅಮೆರಿಕದ್ದಾಗಿ, ಹಿಂದೆ ತೆರಿಗೆ ಸ್ಟಾಂಪ್ ಇದ್ದರೆ ನಿಮ್ಮ ಕೆಲಸ ಹಗುರ. ಫೋಟೊಗಳ ಮೇಲೆ ಆ ತೆರಿಗೆ ಇದ್ದದ್ದು 1864ರಿಂದ 1866ರವರೆಗೆ ಮಾತ್ರ. ಆದರೆ ಹಳೆ ಫೋಟೊವನ್ನೇ ಮತ್ತೆ ಫೋಟೊ ತೆಗೆಸಿ ಪ್ರತಿ ಮಾಡಿಸುವುದು ಆಗಲೂ ಇತ್ತು. ರಟ್ಟು ಹೊಸದು, ಚಿತ್ರ ಹಳೆಯದು ಆಗಿರಬಹುದು.

ಇನ್ನು ಹುಡುಕಾಟ. ಜಾಸ್ತಿ ಜನ ದಾರಿ ತಪ್ಪುವುದು ಇಲ್ಲೇ. ಗಡ್ಡದ ಅಜ್ಜನ ಹಿಂದೆ ಬೀಳುತ್ತಾರೆ, ಅವನ ಅಪ್ಪ ಯಾರು, ತಾತ ಯಾರು ಅಂತ ಮೇಲೆ ಹತ್ತುತ್ತಾರೆ. ನಿಮಗೆ ಬೇಕಾದವರು ಬದುಕಿರುವವರು ಅಲ್ವಾ? ಹಾಗಾದರೆ ಕೆಳಗಿಳಿಯಬೇಕು. ಫೋಟೊದಲ್ಲಿ ಎಲ್ಲರಿಗಿಂತ ಚಿಕ್ಕ ಮಗು ಯಾವುದೋ ಅದರ ಹೆಸರು ಹಿಡಿಯಿರಿ. ಜನಗಣತಿಯೊಂದನ್ನೇ ನಂಬಿದರೆ ನಡುವೆ ಸಿಕ್ಕಿಹಾಕಿಕೊಳ್ಳುತ್ತೀರಿ. ಮನೆಮನೆಯ ಹೆಸರಿರುವ ಹಾಳೆಗಳನ್ನು ಅಮೆರಿಕದಲ್ಲಿ 72 ವರ್ಷ, ಬ್ರಿಟನ್ನಿನಲ್ಲಿ 100 ವರ್ಷ ಹೊರಗೆ ಬಿಡುವುದಿಲ್ಲ. 1950ರದ್ದು ಅಮೆರಿಕದಲ್ಲಿ ತೆರೆದದ್ದೇ 2022ರಲ್ಲಿ. ಅಲ್ಲಿಂದ ಈಚೆಗೆ ಕರೆತರುವುದು ಪತ್ರಿಕೆಗಳ ನಿಧನ ವಾರ್ತೆ. ಮಕ್ಕಳು ಯಾರು, ಅಳಿಯ ಯಾರು, ಯಾವ ಊರಲ್ಲಿದ್ದಾರೆ ಅನ್ನುವುದು ಅದರಲ್ಲಿ ಬಂದಿರುತ್ತದೆ. ಮದುವೆಯಾಗಿ ಹೆಸರು ಬದಲಾದ ಹೆಣ್ಣುಮಕ್ಕಳು ಸಿಗುವುದೂ ಅಲ್ಲೇ. ವಂಶಾವಳಿ ಹುಡುಕುವ ಫ್ಯಾಮಿಲಿಸರ್ಚ್ ಜಾಲತಾಣ ಉಚಿತ. ಬದುಕಿರುವವರ ವಿವರ ಅಲ್ಲಿ ಕಾಣುವುದಿಲ್ಲ, ಆದರೆ ಸತ್ತವರ ಹೆಸರು ಸೇರಿಸಿದವರಿಗೆ ಸಂದೇಶ ಕಳಿಸಬಹುದು.

ಗುರುತಿಲ್ಲದವರಿಂದ ಪತ್ರ ಬಂದರೆ ಯಾರಿಗಾದರೂ ಮೋಸದ ಅನುಮಾನ ಬರುತ್ತದೆ. ನಾಲ್ಕು ಸಾಲು ಬರೆದು, ಕಾಸು ಬೇಡ ಅಂತ ಮೊದಲೇ ಹೇಳಿ, ಒಂದು ಫೋಟೊ ಜೊತೆಗಿಡಿ. ಹಿಂದೆ ಬರೆದಿರುವುದನ್ನೆಲ್ಲ ಮಾತ್ರ ಹೇಳಿಬಿಡಬೇಡಿ. ಆ ಮಗುವಿನ ಮುದ್ದಿನ ಹೆಸರು ಏನಿತ್ತು ಅನ್ನುವುದನ್ನು ಅವರೇ ಹೇಳಲಿ.

ಪ್ರಶ್ನೆ: ನನಗೆ ಸಿಕ್ಕ ಫೋಟೊಗಳಲ್ಲಿ ಒಂದು ಹೆಸರೂ ಇಲ್ಲ. ಊರು ಮಾತ್ರ ಗೊತ್ತು. ಏನಾದರೂ ಆಸೆ ಇದೆಯೇ?

ಉತ್ತರ: ಇದೆ. 2011ರ ಜಪಾನ್ ಸುನಾಮಿಯಲ್ಲಿ ಲೆಕ್ಕವಿಲ್ಲದಷ್ಟು ಫೋಟೊಗಳು ಕೆಸರು ಪಾಲಾದವು. ಸ್ವಯಂಸೇವಕರು ಒಂದೊಂದನ್ನೂ ನೀರಲ್ಲಿ ತೊಳೆದು ಒಣಗಿಸಿದರು. ಫ್ಯೂಜಿಫಿಲ್ಮ್ ಕಂಪನಿ ತೊಳೆಯುವ ಕ್ರಮ ಹೇಳಿಕೊಟ್ಟಿತು. ಆಮೇಲೆ ಅವನ್ನು ಊರವರಿಗೆ ಕಾಣುವ ಹಾಗೆ ಇಟ್ಟರು. ಜನ ಬಂದು ತಮ್ಮವರನ್ನು ಗುರುತಿಸಿದರು. ನೀವೂ ಆ ಊರಿನ ಗ್ರಂಥಾಲಯಕ್ಕೋ ಇತಿಹಾಸ ಸಂಘಕ್ಕೋ ಸ್ಕ್ಯಾನ್ ಕಳಿಸಿ. ಈಗಿನವರೆನಿಸುವ ಮಕ್ಕಳ ಚಿತ್ರಗಳನ್ನು ಮಾತ್ರ ಎಲ್ಲರೂ ನೋಡುವಲ್ಲಿ ಹಾಕಬೇಡಿ.

ಪ್ರಶ್ನೆ: ಕಷ್ಟಪಟ್ಟು ಮೊಮ್ಮಗಳನ್ನು ಹುಡುಕಿದೆ. "ನಮಗೆ ಬೇಡ" ಅಂದುಬಿಟ್ಟರು. ತುಂಬ ಬೇಜಾರಾಗಿದೆ.

ಉತ್ತರ: ಫೋಟೊದಲ್ಲಿರುವ ಅಜ್ಜ ಆ ಮನೆಯಲ್ಲಿ ಹೇಗಿದ್ದರೋ ನಮಗೇನು ಗೊತ್ತು? ಕಾರಣ ಕೇಳಬೇಡಿ, ಒತ್ತಾಯವೂ ಬೇಡ. ಮುಂದೆ ಬೇಕೆನಿಸಿದರೆ ಬರೆಯಿರಿ ಅಂತ ವಿಳಾಸ ಕೊಟ್ಟು ಬಿಡಿ. ಅಜ್ಜನಿಗೆ ಬೇರೆ ಮಕ್ಕಳೂ ಇದ್ದರಾ ಅಂತ ನೋಡಿ. ಆ ಕಡೆಯ ಮೊಮ್ಮಕ್ಕಳನ್ನು ಇನ್ನೂ ಕೇಳಿಲ್ಲವಲ್ಲ.